ಹೆದರಿಕೆ ಮರೆತವನು

ಬಂಡೆಯನ್ನು ಕೋಚ್ ಮಾಡಬೇಕೆಂದು ಕ್ಲಬ್ಬಿನ ಸಭೆಯಲ್ಲಿ ತೀರ್ಮಾನವಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹದಿಮೂರು ವರ್ಷ ದೇಶದ ತಂಡಕ್ಕೆ ಓಪನರ್ ಆಗಿ ಆಡಿದವನು. ಬೆಳಿಗ್ಗೆ ಕ್ರೀಸಿನಲ್ಲಿ ಕಾಲೂರಿದರೆ ಸಂಜೆ ಅಂಪೈರು ಬೇಲ್ಸ್ ಎತ್ತುವವರೆಗೂ ಕದಲುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು.

"ಇಷ್ಟು ದೊಡ್ಡ ಆಟಗಾರ ತಾನಾಗಿ ಬರ್ತೀನಿ ಅಂತಿದ್ದಾನೆ, ಯೋಚನೆ ಮಾಡೋಕೆ ಏನಿದೆ?" ಅಂದರು ಕಾರ್ಯದರ್ಶಿ. ಯಾರೂ ಎದುರಾಡಲಿಲ್ಲ. ಅಲ್ಲಿಯವರೆಗೆ ಆರು ವರ್ಷ ಕೋಚ್ ಆಗಿದ್ದವರು ಒಬ್ಬ ಗಣಿತದ ಮೇಷ್ಟ್ರು, ಕಾಲೇಜು ತಂಡದಿಂದಾಚೆಗೆ ಆಡಿದವರಲ್ಲ. ಅವರು ತಮ್ಮ ಸೀಟಿ, ನೋಟ್‌ಬುಕ್ಕು ಎತ್ತಿಕೊಂಡು ಎಲ್ಲರ ಕೈಕುಲುಕಿ ಹೊರಟುಹೋದರು. ಕೋಚ್ ಆಗಲು ಸರ್ಟಿಫಿಕೇಟ್ ಕೋರ್ಸ್ ಮುಗಿಸಿರಬೇಕು ಅನ್ನೋ ನಿಯಮವೊಂದಿತ್ತು. ದೊಡ್ಡ ಆಟಗಾರರಿಗೆ ಅದರಿಂದ ವಿನಾಯಿತಿಯೂ ಇತ್ತು.

ಮೊದಲ ವಾರ ಮೈದಾನದಲ್ಲಿ ಆಟಗಾರರು ಬಂಡೆಯ ನೆರಳು ತುಳಿಯಲೂ ಹೆದರುತ್ತಿದ್ದರು. ಎರಡನೇ ವಾರ ಅವನು ತಾನೇ ಪ್ಯಾಡ್ ಕಟ್ಟಿಕೊಂಡು ನೆಟ್ಸಿಗೆ ಇಳಿದ. ನಲವತ್ತೊಂಬತ್ತು ವಯಸ್ಸಿನಲ್ಲೂ ಚೆಂಡು ಬ್ಯಾಟಿಗೆ ತಾಗುವ ಸದ್ದು ಬೇರೆಯೇ ಇತ್ತು. ಎದೆಯೆತ್ತರಕ್ಕೆ ಬಂದ ಚೆಂಡನ್ನು ಕಾಲಬುಡದಲ್ಲಿ ಸತ್ತ ಹಾಗೆ ಬೀಳಿಸಿ, ತಲೆಯೆತ್ತಿ, "ಹೀಗೆ," ಅಂದ. ಹೀಗೆ ಅಂದರೆ ಹೇಗೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಂಡದ ಓಪನರ್ ಒಬ್ಬ ಎಡಗೈ ಆಟಗಾರ. ಎಲ್ಲರೂ ಅವನನ್ನು ಎಡಚ ಅನ್ನುತ್ತಿದ್ದರು. ಇಪ್ಪತ್ತಮೂರು ವಯಸ್ಸು. ಬೆಳಗಿನ ಪಾಳಿಯಲ್ಲಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ, ಮಧ್ಯಾಹ್ನ ಅಲ್ಲಿಂದ ನೇರ ಮೈದಾನಕ್ಕೆ. ಮುಂದೆ ಬಿದ್ದ ಚೆಂಡನ್ನು ಅವನು ಆಡುವ ಚೆಂದ ನೋಡಿದರೆ ಇವನಿಗೇನು ಕೊರತೆ ಅನ್ನಿಸುತ್ತಿತ್ತು. ಆದರೆ ಚೆಂಡು ಶಾರ್ಟ್ ಆಗಿ, ಅರ್ಧದಲ್ಲೇ ಪುಟಿದು ಮುಖದ ಕಡೆಗೆ ಎದ್ದಿತೋ, ಅವನ ಕತ್ತು ಆಚೆ ತಿರುಗುತ್ತಿತ್ತು, ಬ್ಯಾಟು ಮಾತ್ರ ಗಾಳಿಯಲ್ಲಿ ಒಂಟಿಯಾಗಿ ಉಳಿಯುತ್ತಿತ್ತು. ಮೊದಲ ಮೂರು ಪಂದ್ಯಗಳಲ್ಲಿ ನಾಲ್ಕು, ಸೊನ್ನೆ, ಹನ್ನೊಂದು. ಮೂರು ಸಲವೂ ಒಂದೇ ತರದ ಚೆಂಡು.

ಮೂರನೇ ಸಲ ಔಟಾಗಿ ಬಂದಾಗ ಬಂಡೆ ಎಲ್ಲರೆದುರೇ ಕೇಳಿದ. "ಬಾಲ್ ನೋಡ್ತೀಯೋ ಇಲ್ವೋ?"

"ನೋಡ್ತೀನಿ ಸರ್."

"ನೋಡಿದ್ರೆ ಹೇಗಯ್ಯಾ ಔಟಾಗ್ತೀಯ? ಬೌಲರ್ ಕೈ ಬಿಟ್ಟಲ್ಲಿಂದ ಬ್ಯಾಟಿಗೆ ಬರೋ ತನಕ ಕಣ್ಣು ತೆಗೀಬೇಡ. ಉಳಿದಿದ್ದೆಲ್ಲ ತಾನಾಗೇ ಆಗುತ್ತೆ. ನನಗೇನು ಯಾರಾದ್ರೂ ಕಲಿಸಿದ್ರಾ?"

ಇದು ಅವನ ಹಳೇ ಮಾತು. ಆಡುತ್ತಿದ್ದ ಕಾಲದಲ್ಲಿ ಪತ್ರಿಕೆಯವರು, ಟಿವಿಯವರು ಯಾರೇ ಕೇಳಲಿ, "ನನಗೆ ಯಾರೂ ಕಲಿಸಲಿಲ್ಲ, ಓಣಿಯಲ್ಲಿ ಆಡ್ತಾ ಆಡ್ತಾ ಬಂತು," ಅನ್ನುತ್ತಿದ್ದ. ಜಂಬಕ್ಕೆ ಹೇಳುತ್ತಿದ್ದನೆಂದಲ್ಲ. ನಿಜವೆಂದೇ ನಂಬಿದ್ದ.

ಎಡಚ ತಲೆತಗ್ಗಿಸಿ ಪ್ಯಾಡ್ ಬಿಚ್ಚಿದ.

ಮರುದಿನ ಬಂಡೆ ಬೌಲಿಂಗ್ ಮಷೀನನ್ನು ನಾಲ್ಕು ಗಜ ಮುಂದಕ್ಕೆ ಎಳೆಸಿದ. "ಇವತ್ತು ಬರೀ ಶಾರ್ಟ್ ಬಾಲ್. ಇಷ್ಟು ಹತ್ತಿರದಿಂದ ಆಡಿದ್ರೆ ನಾಳೆ ಮ್ಯಾಚಲ್ಲಿ ಮಕ್ಕಳಾಟ ಅನ್ಸುತ್ತೆ." ಮಷೀನಿಗೆ ಚೆಂಡು ಹಾಕುತ್ತಿದ್ದವನೂ ಅವನೇ. ಮೊದಲ ಐದಾರು ಚೆಂಡಿಗೆ ಎಡಚನ ಕತ್ತು ತಿರುಗಿತು. "ತಿರುಗಬೇಡ! ನೋಡು!" ಎಂದು ಬಂಡೆ ಕೂಗಿದ. ಏಳನೆಯದಕ್ಕೆ ಎಡಚ ಕತ್ತು ತಿರುಗಿಸಲಿಲ್ಲ. ಕಣ್ಣು ಮಿಟುಕಿಸದೆ ನಿಂತ. ಚೆಂಡು ಹೆಲ್ಮೆಟ್ಟಿನ ಅಂಚಿಗೂ ಮುಂದಿನ ಕಂಬಿಗೂ ನಡುವಿನ ಸಂದಿಯಲ್ಲಿ ನುಗ್ಗಿ ಬಲಗೆನ್ನೆಗೆ ಬಡಿಯಿತು. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನು ಮೊದಲು ಮಂಡಿಯೂರಿದ, ಆಮೇಲೆ ಮೆಲ್ಲಗೆ, ಮಲಗಲು ಜಾಗ ಹುಡುಕುವವನ ಹಾಗೆ, ಪಕ್ಕಕ್ಕೆ ವಾಲಿದ.

ಕೆನ್ನೆಯ ಮೂಳೆ ಎರಡು ಕಡೆ ಮುರಿದಿತ್ತು. ಕಣ್ಣು ಉಳಿಯಿತು, ಅದೊಂದೇ ಸಮಾಧಾನ ಅಂದರು ಡಾಕ್ಟರು.

ಆಪರೇಷನ್ ಆದ ಮೂರನೇ ದಿನ ಬಂಡೆ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲಿ ಎಡಚನ ತಾಯಿ ಸ್ಟೂಲಿನ ಮೇಲೆ ಕೂತಿದ್ದರು. ಬೈಸಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದ. ಆಕೆ ಎದ್ದು ನಿಂತು, "ನೀವು ಬಂಡೆಯವರಲ್ವಾ? ನಿಮ್ಮ ಫೋಟೊ ನಮ್ಮನೇಲಿದೆ. ಅವನು ಹತ್ತು ವರ್ಷದವನಿದ್ದಾಗಿಂದ ಇದೆ," ಅಂದು ಸ್ಟೂಲು ಅವನ ಕಡೆ ಸರಿಸಿದರು. ಬೈದಿದ್ದರೆ ವಾಸಿಯಿತ್ತು.

ಎಡಚನ ಅರ್ಧ ಮುಖ ಬ್ಯಾಂಡೇಜಿನಲ್ಲಿತ್ತು. ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು.

"ಸರ್, ನೀವು ಹೇಳಿದ ಹಾಗೇ ಮಾಡ್ದೆ."

"ಮಾತಾಡಬೇಡ, ನೋವಾಗುತ್ತೆ."

"ನೋಡ್ತಾನೇ ಇದ್ದೆ ಸರ್. ಕೈಯಿಂದ... ಮಷೀನಿಂದ ಬಿಟ್ಟಿದ್ದು, ಪುಟಿದಿದ್ದು, ಹತ್ರ ಬಂದಿದ್ದು, ಚೆಂಡಿನ ಹೊಲಿಗೆ ಸಹ ಕಾಣ್ತು. ಆಮೇಲೆ ಏನು ಮಾಡಬೇಕು ಅಂತ ನೀವು ಹೇಳಿರಲಿಲ್ಲ."

ಕೊಂಕಿನಿಂದ ಆಡಿದ ಮಾತಲ್ಲ ಅದು. ಲೆಕ್ಕ ಎಲ್ಲಿ ತಪ್ಪಿತು ಅಂತ ಮೇಷ್ಟರನ್ನು ಕೇಳುವ ವಿದ್ಯಾರ್ಥಿಯ ದನಿಯಿತ್ತು ಅದರಲ್ಲಿ. ಬಂಡೆ ತಾನು ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಮಂಚದ ಕಾಲಿಗೆ ಒರಗಿಸಿ, ಬಂದ ದಾರಿ ಹಿಡಿದ.

ಮನೆಗೆ ಬಂದು ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಕೂತ. ಶಾರ್ಟ್ ಬಾಲ್ ಬಂದಾಗ ಏನು ಮಾಡಬೇಕು ಅಂತ ಬರೆಯೋಣ, ಅವನಿಗೆ ಕೊಡೋಣ ಎಂದುಕೊಂಡ. ಒಂದು ಅಂತ ಬರೆದು ಚುಕ್ಕೆ ಇಟ್ಟ. ಎದ್ದು ನಿಂತು, ಕೈಯಲ್ಲಿ ಬ್ಯಾಟಿದೆ ಅಂದುಕೊಂಡು ಆಡಿ ನೋಡಿದ. ಮೈ ತನ್ನಷ್ಟಕ್ಕೆ ತಾನೇ ಆಡಿ ಮುಗಿಸಿತು. ನಿಧಾನಕ್ಕೆ ಆಡಿದ. ಆಗಲೂ ಮನಸ್ಸು ತಲುಪುವ ಮೊದಲೇ ಕಾಲು ಅಲ್ಲಿರುತ್ತಿತ್ತು. ಮೊದಲು ಯಾವ ಕಾಲು? ಭುಜ ಯಾವಾಗ? ಕೈ ಬಿಗಿಯೋ ಸಡಿಲವೋ? ಹದಿಮೂರು ವರ್ಷ ಮಾಡಿದ ಕೆಲಸ, ಒಂದು ಸಾಲು ಬರೆಯಲು ಬರಲಿಲ್ಲ.

"ಏನ್ರೀ ಬರೀತಿದ್ದೀರ?" ಅಂತ ಕೇಳಿದಳು ಹೆಂಡತಿ.

"ಏನೂ ಇಲ್ಲ," ಅಂದ. ಅದು ಅಕ್ಷರಶಃ ನಿಜವಾಗಿತ್ತು.

ಅವನು ಆಟ ಕಲಿತದ್ದನ್ನು ಕಂಡವರು ಇನ್ನು ಒಬ್ಬರೇ ಉಳಿದಿದ್ದರು, ಅವನ ಅಕ್ಕ. ಅವನಿಗಿಂತ ಏಳು ವರ್ಷಕ್ಕೆ ದೊಡ್ಡವಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಆಟದ ಟೀಚರ್ ಆಗಿದ್ದು ಹಿಂದಿನ ವರ್ಷ ನಿವೃತ್ತಳಾಗಿದ್ದಳು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅವನು ಹೋದಾಗ ಶಾಲೆಯವರು ಕೊಟ್ಟುಹೋಗಿದ್ದ ಹರಿದ ವಾಲಿಬಾಲ್ ಬಲೆಯನ್ನು ತೊಡೆಯ ಮೇಲೆ ಹರವಿಕೊಂಡು ನೈಲಾನ್ ದಾರದಲ್ಲಿ ಗಂಟು ಹಾಕುತ್ತಿದ್ದಳು.

"ಏನೋ ಪುಟ್ಟ, ದಾರಿ ತಪ್ಪಿ ಬಂದೆಯಾ?"

ಅವನು ನಡೆದದ್ದನ್ನೆಲ್ಲ ಹೇಳಿದ. ಅಕ್ಕನ ಕೈ ನಿಲ್ಲಲಿಲ್ಲ. ಕೊನೆಗೆ ಕೇಳಿದ. "ಅಕ್ಕ, ನಾನು ಹೇಗೆ ಕಲಿತೆ? ನಿನಗೇನಾದ್ರೂ ನೆನಪಿದೆಯಾ?"

"ನನಗೆ ನೆನಪಿಲ್ಲದೆ ಏನು? ನಿನಗೆ ನೆನಪಿಲ್ಲ ಅನ್ನೋದೇ ನನಗೆ ಆಶ್ಚರ್ಯ." ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ನಿನಗೆ ಆಗ ಎಂಟು ವರ್ಷ. ಎದುರುಮನೆಯವರು ಎಸೆದ ಕಾರ್ಕ್ ಬಾಲ್ ಬಾಯಿಗೆ ಬಿದ್ದು ಎರಡು ಹಲ್ಲು ಹೋದ್ವು."

"ಅದು ಸೈಕಲ್ಲಿಂದ ಬಿದ್ದಿದ್ದಲ್ವಾ?"

"ಸೈಕಲ್ಲು ಅಂತ ಅಮ್ಮನಿಗೆ ಸುಳ್ಳು ಹೇಳಿದ್ವಿ. ನೀನೇ ಅದನ್ನ ನಂಬಿಬಿಟ್ಟಿದ್ದೀಯ ನೋಡು. ಆಮೇಲೆ ಬ್ಯಾಟ್ ಕೈಗೆ ಕೊಟ್ರೆ ಅಳ್ತಿದ್ದೆ. ಆಡಬೇಕು ಅಂತಾನೂ ಅಳ್ತಿದ್ದೆ. ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ಚೆಂಡು ಬರ್ತಿದ್ದ ಹಾಗೆ ಮುಖ ತಿರುಗಿಸಿ ಗೋಡೆ ಕಡೆ ಓಡ್ತಿದ್ದೆ."

ಬಂಡೆಗೆ ಬೇರೆ ಯಾರದೋ ಕತೆ ಕೇಳಿದ ಹಾಗಾಯಿತು. "ನಾನಾ?"

"ನೀನೇ. ಆಮೇಲೆ ನಾನು ಅಪ್ಪನ ಹಳೇ ಕಾಲುಚೀಲ ಉಂಡೆ ಮಾಡಿ ಎಸೆಯೋಕೆ ಶುರು ಮಾಡ್ದೆ. ಹೊಡೀಬೇಡ, ಸುಮ್ನೆ ಮೈಗೆ ತಾಗಿಸ್ಕೋ ಅಂತಿದ್ದೆ. ತಾಗಿದ್ರೆ ಸಾಯಲ್ಲ ಅಂತ ಮೊದಲು ನಿನ್ನ ಮೈಗೆ ಗೊತ್ತಾಗಬೇಕಿತ್ತು. ಅದಾದ ಮೇಲೆ ರಬ್ಬರ್ ಬಾಲ್. ಎಲ್ಲಿಗೆ ಬರುತ್ತೆ ಅಂತ ಮೊದಲೇ ಹೇಳಿ ಎಸೀತಿದ್ದೆ. ಆಮೇಲೆ ಹೇಳದೆ. ಹಿಂದಿನ ಕಾಲು ಬೀಳೋ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದೆ. ಆಡೋಕೆ ಆಗದಿದ್ರೆ ಮಣಿಕಟ್ಟು ಕೆಳಗಿಳಿಸಿ ಬಗ್ಗು, ಅದೂ ಆಟಾನೇ ಅಂತ ಹೇಳಿಕೊಟ್ಟೆ."

"ಎಷ್ಟು ದಿನ?"

"ದಿನ ಅಂತೆ! ಎರಡು ವರ್ಷ ಕಣೋ."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಲೇ ಇದ್ದರು.

"ನಾನು ಊರಿಗೆಲ್ಲ ಯಾರೂ ಕಲಿಸಲಿಲ್ಲ ಅಂತ ಹೇಳ್ಕೊಂಡು ಬಂದೆ," ಅಂದ.

"ಹೂಂ. ಪೇಪರಲ್ಲಿ ಬಂದಿದ್ದನ್ನ ನಮ್ಮ ಸ್ಟಾಫ್ ರೂಮಿನ ಬೋರ್ಡಿಗೆ ಅಂಟಿಸಿದ್ರು. ಟೀಚರ್ ನಿಮ್ಮ ತಮ್ಮ, ಟೀಚರ್ ನಿಮ್ಮ ತಮ್ಮ ಅಂತ ಎಲ್ಲರೂ ಓದಿದ್ರು. ನಾನೂ ಓದಿದೆ."

"ಕೋಪ ಬರಲಿಲ್ವಾ?"

"ಬಂತು. ಹತ್ತು ವರ್ಷ ಇತ್ತು. ಆಮೇಲೆ ಕೆಲಸ ಇತ್ತು." ಬಲೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. "ನೋಡು ಪುಟ್ಟ, ಮೀನಿನ ಹತ್ರ ಹೋಗಿ ಈಜೋದು ಹೇಗೆ ಅಂತ ಕೇಳಿದ್ರೆ ಅದೇನು ಹೇಳುತ್ತೆ? ನೀರಿಗಿಳಿ ಅನ್ನುತ್ತೆ. ನಿನ್ನ ಹೆದರಿಕೆ ಹೋದಾಗ, ಅದು ಇತ್ತು ಅನ್ನೋ ನೆನಪೂ ಅದರ ಜೊತೆಗೇ ಹೋಯ್ತು. ಆಡೋಕೆ ಅದು ಒಳ್ಳೇದೇ ಆಯ್ತು. ಕಲಿಸೋಕೆ ಬಂದೆಯಲ್ಲ, ಅಲ್ಲಿ ಎಡವಟ್ಟಾಯ್ತು."

ಅವನು ಕ್ಷಮಿಸು ಅನ್ನಲು ಹೋದ. ಅಷ್ಟರಲ್ಲಿ ಅಕ್ಕ ಟೀ ಮಾಡಲು ಎದ್ದಳು, ಒಳಗಿನಿಂದಲೇ, "ಸಕ್ಕರೆ ಬಿಟ್ಟಿದ್ದೀಯೋ ಹಾಕ್ಕೋತೀಯೋ?" ಅಂತ ಕೇಳಿದಳು.

ಎಡಚ ಮೈದಾನಕ್ಕೆ ಮರಳಲು ಹತ್ತು ವಾರ ಹಿಡಿಯಿತು. ಅಷ್ಟರಲ್ಲಿ ಬಂಡೆ ಕಾರ್ಯದರ್ಶಿಯ ಕೋಣೆಗೆ ಹೋಗಿ, ವಾರಕ್ಕೆ ಮೂರು ದಿನ ತನ್ನ ಅಕ್ಕ ಬಂದು ಎಡಚನಿಗೆ ಹೇಳಿಕೊಡುತ್ತಾಳೆ ಎಂದಿದ್ದ.

ಕಾರ್ಯದರ್ಶಿ ಕನ್ನಡಕ ತೆಗೆದರು. "ಅವರು ಯಾವ ಲೆವೆಲ್ಲಿಗೆ ಆಡಿದ್ದಾರೆ?"

"ಯಾವ ಲೆವೆಲ್ಲಿಗೂ ಇಲ್ಲ. ನನಗೆ ಆಡೋದು ಕಲಿಸಿದ್ದಾಳೆ."

"ನಿಮಗೆ ಯಾರೂ ಕಲಿಸಿರಲಿಲ್ಲ ಅಂತ..."

"ಗೊತ್ತಿಲ್ಲದೆ ಹೇಳ್ತಿದ್ದೆ. ಬೇಕಾದ್ರೆ ನೋಟಿಸ್ ಬೋರ್ಡಿಗೆ ಬರೆದು ಹಾಕ್ತೀನಿ."

ಹಾಕಿಯೂ ಹಾಕಿದ. ತನ್ನ ಕೈಯಕ್ಷರದಲ್ಲಿ ನಾಲ್ಕು ಸಾಲು, ಕೆಳಗೆ ಸಹಿ. ಆಟಗಾರರು ಮುಸಿಮುಸಿ ನಕ್ಕರು, ಒಬ್ಬಿಬ್ಬರು ಅದರ ಫೋಟೊ ತೆಗೆದುಕೊಂಡರು.

ಅಕ್ಕ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೈಚೀಲದಲ್ಲಿ ಕಾಲುಚೀಲದ ಉಂಡೆಗಳನ್ನು ತುಂಬಿಕೊಂಡು ಬಂದಳು. ಎಡಚನನ್ನು ಕೇಳಿದ ಮೊದಲ ಪ್ರಶ್ನೆ, "ಎಲ್ಲಿ ಹೆದರಿಕೆ ಆಗುತ್ತೆ? ಹೊಟ್ಟೇಲಾ, ಕಾಲಲ್ಲಾ?" ಅಂತ. ಅವನು ಪಕ್ಕದ ನೆಟ್ಸಿನವರ ಕಡೆ ಒಮ್ಮೆ ನೋಡಿ ಮೆಲ್ಲಗೆ, "ಕತ್ತಿನ ಹಿಂದೆ," ಅಂದ. ಹತ್ತು ಹದಿನೈದು ವರ್ಷದ ಆಟದಲ್ಲಿ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ.

ಮೊದಲ ದಿನ ಬರೀ ಕಾಲುಚೀಲ. ಪಕ್ಕದವರು ಬಟ್ಟೆ ಒಗೆಯೋ ಕ್ಲಾಸಾ ಅಂತ ಕಿಚಾಯಿಸಿದರು. ದೇಶಕ್ಕೆ ಆಡಿದ ಬಂಡೆ ಹಿಂದೆ ನಿಂತು ಉಂಡೆಗಳನ್ನು ಹೆಕ್ಕಿ ಹೆಕ್ಕಿ ಅಕ್ಕನ ಕೈಗೆ ಕೊಡುತ್ತಿದ್ದುದನ್ನು ಕಂಡ ಮೇಲೆ ಆ ನಗೆ ತಾನಾಗಿ ತಣ್ಣಗಾಯಿತು. ಬಂಡೆ ಹೆಕ್ಕುತ್ತಲೇ ನೋಡುತ್ತಿದ್ದ. ಅಕ್ಕ ಎರಡು ಸಲಕ್ಕಿಂತ ಹೆಚ್ಚು ಒಂದೇ ಮಾತನ್ನು ಒಂದೇ ತರ ಹೇಳುತ್ತಿರಲಿಲ್ಲ. ಅರ್ಥವಾಗಲಿಲ್ಲ ಅಂದರೆ ಮಾತು ಬದಲಾಯಿಸುತ್ತಿದ್ದಳು, ತನ್ನ ದನಿಯನ್ನಲ್ಲ. ಮೂರನೇ ವಾರಕ್ಕೆ ರಬ್ಬರ್ ಬಾಲ್ ಬಂತು, ಆರನೇ ವಾರಕ್ಕೆ ಕ್ರಿಕೆಟ್ ಚೆಂಡು. ಅಕ್ಕನ ಭುಜ ನೋಯತೊಡಗಿದಾಗ ಎಸೆಯುವ ಕೆಲಸ ಬಂಡೆಗೆ ಬಿತ್ತು. ಅವನ ಕೈಯಿಂದ ಚೆಂಡು ಬರುತ್ತದೆ ಅಂದಾಗ ಎಡಚನ ಮುಖ ಬಿಳಿಚಿತು.

"ಎದೆಗೆ ಬರುತ್ತೆ, ಎಡಗಡೆಗೆ," ಅಂತ ಬಂಡೆ ಮೊದಲೇ ಹೇಳಿದ. ಹೇಳಿದಲ್ಲಿಗೇ ಎಸೆದ. ಅವತ್ತು ಅರವತ್ತು ಚೆಂಡು ಎಸೆದ, ಅರವತ್ತಕ್ಕೂ ಹೇಳಿ ಎಸೆದ.

ಋತುವಿನ ಕೊನೇ ಪಂದ್ಯಕ್ಕೆ ಎಡಚನನ್ನು ಆಡಿಸಿದರು. ಎದುರು ತಂಡದವರಿಗೆ ಅವನ ಕೆನ್ನೆಯ ಕತೆ ಗೊತ್ತಿತ್ತು. ಮೂರನೇ ಓವರಿನಲ್ಲೇ ಅವರ ವೇಗದ ಬೌಲರು ಗಂಟಲಿಗೆ ಗುರಿಯಿಟ್ಟು ಎಸೆದ. ಬೌಂಡರಿಯ ಹಗ್ಗದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಎಡಚ ಚೆಂಡನ್ನು ನೋಡುತ್ತಲೇ ಮಣಿಕಟ್ಟು ಇಳಿಸಿ, ಸೊಂಟದಿಂದ ಹಿಂದಕ್ಕೆ ಬಾಗಿದ. ಚೆಂಡು ಮೂಗಿನ ಮುಂದೆ ಹಾದು ಕೀಪರನ ಕೈಸೇರಿತು. ಒಂದು ರನ್ನೂ ಬರದ ಆ ಚೆಂಡಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂಡೆಗೆ ಮಾತ್ರ ಕಣ್ಣು ಮಂಜಾಯಿತು. ಎಡಚ ಎರಡೂವರೆ ಗಂಟೆ ನಿಂತು ಮೂವತ್ತೇಳು ಹೊಡೆದು ಸ್ಪಿನ್ನರಿಗೆ ಎಲ್‌ಬಿ ಆದ. ತಂಡ ಸೋತಿತು.

ಮುಂದಿನ ವಾರವೇ ಕಾರ್ಯದರ್ಶಿ ಬಂಡೆಯನ್ನು ಕರೆಸಿದರು. ಹತ್ತು ತಂಡಗಳಲ್ಲಿ ಎಂಟನೇ ಸ್ಥಾನ, ಒಬ್ಬ ಆಟಗಾರನಿಗೆ ಗಾಯ, ಸಮಿತಿಗೆ ಹೊಸಬರು ಬೇಕಂತೆ. ಹೊಸಬರು ಅಂದರೆ ಮತ್ತೊಬ್ಬ ಮಾಜಿ ಆಟಗಾರ, ಬಂಡೆಗಿಂತ ಹೆಚ್ಚು ಟೆಸ್ಟ್ ಆಡಿದವನು. "ತಪ್ಪು ತಿಳ್ಕೋಬೇಡಿ," ಅಂದರು. ಬಂಡೆ ತಪ್ಪು ತಿಳಿಯಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟ.

ಪ್ಯಾಡು, ಬ್ಯಾಟು ಇಡುವ ಕೋಣೆಯ ಹೊರಗೆ ಎಡಚ ಕಾಯುತ್ತಿದ್ದ. ಕೆನ್ನೆಯ ಮೇಲೆ ಹುಬ್ಬಿನವರೆಗೆ ತೆಳ್ಳಗಿನ ಗೆರೆ ಉಳಿದಿತ್ತು.

"ಸರ್, ಮುಂದಿನ ವರ್ಷಕ್ಕೆ ನನ್ನ ಹೆಸರು ಬೇಡ ಅಂತ ಬರೆದುಕೊಟ್ಟೆ."

"ಹೆದರಿಕೆನಾ?"

"ಇಲ್ಲ ಸರ್. ಅದು ಹೋಯ್ತು. ಹೋದ ಮೇಲೆ ನೋಡಿದ್ರೆ ಆಸೆನೂ ಜೊತೆಗೆ ಹೋಗಿದೆ. ಹೆದರಿ ಬಿಟ್ಟ ಅಂತ ಆಗಬಾರದು, ನನಗೆ ನಾನೇ ಹಾಗೆ ಅಂದ್ಕೋಬಾರದು ಅಂತ ಇಷ್ಟು ದಿನ ಬಂದೆ. ಇನ್ನು ಬಿಟ್ರೆ ಪರವಾಗಿಲ್ಲ."

ಬಂಡೆ ಅವನ ಕೆನ್ನೆಯ ಗೆರೆ ನೋಡಿದ. "ನಿನ್ನ ಆಟ ನಾನು ಕೆಡಿಸಿದೆ."

ಎಡಚ ಇಲ್ಲ ಸರ್ ಅನ್ನಲಿಲ್ಲ. ಯೋಚಿಸಿ, "ಅರ್ಧ ಸರ್," ಅಂದ. "ಇನ್ನರ್ಧ ಯಾಕೆ ಹೋಯ್ತು ಅಂತ ನನಗೂ ಗೊತ್ತಿಲ್ಲ." ಕೈ ಚಾಚಿದ. ಬಂಡೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಎಡಚ, ಅಂಚೆ ಕಚೇರಿಯಲ್ಲಿ ಈ ವಾರ ಮಧ್ಯಾಹ್ನದ ಪಾಳಿ, ಹೊತ್ತಾಯಿತು ಎಂದು ಹೊರಟ.

ಟಿವಿಯಲ್ಲಿ ಕಾಮೆಂಟರಿ ಹೇಳಲು ಬಂಡೆಗೆ ಕರೆ ಬಂದಿತ್ತು. ಅವನು ಅದನ್ನು ಬಿಟ್ಟು, ಐವತ್ತು ತುಂಬಿದ ತಿಂಗಳಲ್ಲಿ, ಆ ಕೋಚಿಂಗ್ ಸರ್ಟಿಫಿಕೇಟ್ ಕೋರ್ಸಿಗೆ ಹೆಸರು ಬರೆಸಿದ. ತರಗತಿಯಲ್ಲಿ ಮೂವತ್ತು ಜನ. ಮೊದಲ ದಿನ ಪಾಠ ಶುರುವಾಗುವ ಮೊದಲು ಅವರಲ್ಲಿ ಇಪ್ಪತ್ತು ಜನ ಅವನ ಜೊತೆ ಫೋಟೊ ತೆಗೆಸಿಕೊಂಡರು. ಕೊನೇ ದಿನದ ಪರೀಕ್ಷೆಯಲ್ಲಿ, ಬ್ಯಾಟನ್ನೇ ಮುಟ್ಟಿರದ ಒಬ್ಬರಿಗೆ ಅದನ್ನು ಹಿಡಿಯುವುದು, ನಿಲ್ಲುವುದು ಎರಡನ್ನೂ ಹದಿನೈದು ನಿಮಿಷದಲ್ಲಿ ಕಲಿಸಬೇಕಿತ್ತು. ಬಂಡೆಯ ಪಾಲಿಗೆ ಬಂದವರು ಒಬ್ಬ ಲೈಬ್ರರಿಯನ್, ಮೆತ್ತಗಿನ ಮನುಷ್ಯ. ಹದಿನೈದು ನಿಮಿಷ ಮುಗಿದಾಗಲೂ ಪಾಪ ಅವರು ಬ್ಯಾಟನ್ನು ಪೊರಕೆಯ ಹಾಗೇ ಹಿಡಿದಿದ್ದರು.

ಪರೀಕ್ಷಕ ವಯಸ್ಸಿನಲ್ಲಿ ಚಿಕ್ಕವನು. ಫಲಿತಾಂಶ ಹೇಳುವಾಗ ಅವನ ಕಿವಿ ಕೆಂಪಾಗಿತ್ತು. "ಸರ್, ನೀವು ಒಂಬತ್ತು ಸಲ ಅವರ ಕೈಯಿಂದ ಬ್ಯಾಟ್ ಕಿತ್ಕೊಂಡು ತೋರಿಸಿದ್ರಿ. ಅವರ ಕೈಯಲ್ಲಿ ಅದು ಇದ್ದಿದ್ದೇ ಕಮ್ಮಿ."

"ಸರಿಯಾಗೇ ನೋಡಿದ್ದೀರಿ," ಅಂದ ಬಂಡೆ. "ಮುಂದಿನ ಪರೀಕ್ಷೆ ಯಾವಾಗ?"

"ಮೂರು ತಿಂಗಳಿಗೆ ಸರ್."

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಫೇಲಾದೆ ಅಂದಾಗ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗು ನಿಂತ ಮೇಲೆ, "ಬ್ಯಾಟ್ ಇದೆಯಾ ಕಾರಲ್ಲಿ? ತಗೊಂಡು ಬಾ," ಅಂದಳು. ಕುರ್ಚಿಗಳನ್ನು ಗೋಡೆಗೆ ಸರಿಸಿ ಕೋಣೆಯ ನಡುವೆ ಜಾಗ ಮಾಡಿದಳು.

"ನನಗೇನೂ ಗೊತ್ತಿಲ್ಲ ಅಂದ್ಕೋ. ಹೇಳಿಕೊಡು. ನಿನ್ನ ಕೈ ಎರಡೂ ಬೆನ್ನ ಹಿಂದೆ ಇರಲಿ."

ಬ್ಯಾಟನ್ನು ಎತ್ತಿಕೊಂಡಳು. ಬಲಗೈಯವಳಾದರೂ ಬಲಗೈ ಮೇಲೆ, ಎಡಗೈ ಕೆಳಗೆ, ಹೆಬ್ಬೆರಳು ಎಲ್ಲೋ. ಬೇಕೆಂದೇ ತಪ್ಪು ಹಿಡಿದಳೋ ನಿಜವಾಗಿಯೂ ಬರುವುದಿಲ್ಲವೋ ಬಂಡೆಗೆ ತಿಳಿಯಲಿಲ್ಲ. ಆ ಎರಡು ವರ್ಷವೂ ಎಸೆದವಳು ಅವಳೇ, ಆಡಿದವನು ತಾನೇ ಅನ್ನುವುದು ಆಗ ಹೊಳೆಯಿತು. ಒಂದು ದಿನವೂ ಅವಳು ಕೇಳಿರಲಿಲ್ಲ. ಅವನೂ ಬ್ಯಾಟು ಕೊಟ್ಟಿರಲಿಲ್ಲ.

"ಎಡಗೈ ಮೇಲೆ ಬರಬೇಕು ಅಕ್ಕ."

"ಯಾಕೆ?"

ಅವನ ಕೈ ಮುಂದಕ್ಕೆ ಬರಲು ಹವಣಿಸಿತು. ಬೆರಳುಗಳನ್ನು ಬೆನ್ನ ಹಿಂದೆ ಹೆಣೆದು ಬಿಗಿಹಿಡಿದ. ಯಾಕೆ ಅಂತ ಯೋಚಿಸಿದ. ಹೇಳಲು ಬಾಯಿ ತೆರೆದು, ಅದು ಸರಿಯಲ್ಲ ಅನ್ನಿಸಿ ಮತ್ತೆ ಯೋಚಿಸಿದ. ಅಕ್ಕ ಬ್ಯಾಟು ಹಿಡಿದು ಕಾಯುತ್ತ ನಿಂತಿದ್ದಳು, ಅವಸರ ಮಾಡಲಿಲ್ಲ.